‘ನಾನೇ ಮಾಡ್ತೀನಿ’ ಎನ್ನುವ ಕಂದ



ನಡೆಯಲು, ಮಾತಾಡಲು ಕಲಿತ ಮಗುವೊಂದು ಮನೆಯಲ್ಲಿದ್ದರೆ ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬೀಳುವ ಮಾತೊಂದಿದೆ: ‘ನಾನೇ!’ ಅಂಗಿ ನಾನೇ ಹಾಕಿಕೊಳ್ಳುತ್ತೇನೆ, ಲೋಟ ನಾನೇ ಹಿಡಿಯುತ್ತೇನೆ, ಮೆಟ್ಟಿಲು ನಾನೇ ಹತ್ತುತ್ತೇನೆ. ಭಾನುವಾರ ಬೆಳಿಗ್ಗೆ ದೇವಾಲಯದ ಮೊದಲ ಗಂಟೆ ಹೊಡೆದಾಗಿರುತ್ತದೆ. ಎರಡೂವರೆ ವರ್ಷದ ಮಗಳು ಹೊಸಿಲ ಬಳಿ ಕುಳಿತು ಚಪ್ಪಲಿಯ ಪಟ್ಟಿಯೊಡನೆ ಹೆಣಗುತ್ತಿರುತ್ತಾಳೆ. ಎಡಗಾಲಿನದು ಬಲಗಾಲಿಗೆ ಹೋಗಿದೆ. ತಾಯಿ ಒಂದು ನಿಮಿಷ ನೋಡುತ್ತಾಳೆ. ಎರಡನೆಯ ನಿಮಿಷಕ್ಕೆ ತಾಳ್ಮೆ ತಪ್ಪುತ್ತದೆ. ‘ನಿನ್ನ ಕೈಲಿ ಆಗಲ್ಲ, ಕೊಡಿಲ್ಲಿ’ ಎಂದು ಚಪ್ಪಲಿ ಕಿತ್ತುಕೊಂಡು ತಾನೇ ತೊಡಿಸುತ್ತಾಳೆ. ಮಗು ಕಿರುಚಿ ಅಳುತ್ತದೆ. ಬಲಿಪೂಜೆ ಅರ್ಧಕ್ಕೆ ಬಂದರೂ ಅಳು ನಿಲ್ಲುವುದಿಲ್ಲ.

ಒಂದು ದಿನದ ಈ ಅವಸರ ದೊಡ್ಡ ಅಪರಾಧವೇನಲ್ಲ. ಆದರೆ ‘ನಿನ್ನ ಕೈಲಿ ಆಗಲ್ಲ’ ಎಂಬ ಮಾತು ದಿನದಿನವೂ, ವರ್ಷಗಟ್ಟಲೆ ಕಿವಿಗೆ ಬಿದ್ದರೆ ಏನಾಗುತ್ತದೆ? ಮಗು ಅದನ್ನು ನಂಬುತ್ತದೆ. ಮುಂದೆ ಅದೇ ಮಗು ಹದಿನೆಂಟರ ಯುವಕನಾದಾಗ ಒಂದು ಅರ್ಜಿ ತುಂಬಲು ಅಪ್ಪನ ದಾರಿ ಕಾಯುತ್ತಾನೆ. ಪೂಜೆಯಲ್ಲಿ ವಾಚನ ಓದಲು ಕರೆದರೆ ‘ತಪ್ಪಾದರೆ ಏನು ಗತಿ’ ಎಂದು ಕಂಬದ ಹಿಂದೆ ಸರಿಯುತ್ತಾನೆ. ಇದಕ್ಕೆಲ್ಲ ಎಳವೆಯೊಂದೇ ಕಾರಣವೆಂದು ಹೇಳಲಾಗದು. ಆದರೂ ಬೇರು ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಆದ್ದರಿಂದ ಒಂದರಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಸ್ವಾವಲಂಬನೆ, ಆತ್ಮವಿಶ್ವಾಸಗಳನ್ನು ಬೆಳೆಸುವುದು ಹೇಗೆಂದು ಈ ವಾರ ಒಟ್ಟಿಗೆ ಚಿಂತಿಸೋಣ.

ಹಠವೋ, ಬೆಳವಣಿಗೆಯೋ?

‘ಮಗು ಬಹಳ ಹಠಮಾರಿ, ಫಾದರ್’ ಎಂದು ಅನೇಕ ತಾಯಂದಿರು ದೂರುತ್ತಾರೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಹಿಡಿದು, ಎಳವೆಯಲ್ಲೇ ಮಗುವಿನ ಇಚ್ಛೆಯನ್ನು ಮುರಿಯಬೇಕೆಂದು ಕೆಲವರು ತಿಳಿಯುತ್ತಾರೆ. ಗಾದೆ ಬಗ್ಗಿಸುವ ಮಾತಾಡುತ್ತದೆಯೇ ಹೊರತು ಮುರಿಯುವ ಮಾತಾಡುವುದಿಲ್ಲ. ಬಗ್ಗಿಸುವುದಕ್ಕೂ ಗಿಡದಲ್ಲಿ ಜೀವ ಇರಬೇಕು.

ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಮಾನವನ ಬೆಳವಣಿಗೆಯನ್ನು ಎಂಟು ಘಟ್ಟಗಳಾಗಿ ವಿಂಗಡಿಸಿ 1950ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮೊದಲ ಘಟ್ಟದಲ್ಲಿ ಹಸುಗೂಸು ತಾಯಿಯನ್ನು ನಂಬಲು ಕಲಿಯುತ್ತದೆ. ಎರಡನೆಯ ಘಟ್ಟ, ಸುಮಾರು ಒಂದೂವರೆಯಿಂದ ಮೂರು ವರ್ಷದವರೆಗಿನದು. ಈ ವಯಸ್ಸಿನಲ್ಲಿ ಮಗು ತನ್ನ ಕೈಕಾಲು, ತನ್ನ ಮಾತು, ತನ್ನ ಮಲಮೂತ್ರ ಇವುಗಳ ಮೇಲೆ ಹತೋಟಿ ಸಾಧಿಸಲು ಹೊರಡುತ್ತದೆ. ಅವಕಾಶ ಸಿಕ್ಕಿದರೆ ‘ನನ್ನಿಂದ ಆಗುತ್ತದೆ’ ಎಂಬ ಸ್ವಾಯತ್ತತೆ ಮೂಡುತ್ತದೆ. ಎಲ್ಲದಕ್ಕೂ ಗದರಿಕೆ, ಗೇಲಿ ಸಿಕ್ಕಿದರೆ ನಾಚಿಕೆ ಮತ್ತು ಸಂಶಯ ಮನೆಮಾಡುತ್ತವೆ. ಹೀಗಾಗಿ ‘ಬೇಡ’, ‘ನಾನೇ’ ಎನ್ನುವುದು ಮಗು ಕೆಟ್ಟದಾಗುತ್ತಿರುವ ಗುರುತಲ್ಲ. ಅದು ಬೆಳೆಯುತ್ತಿರುವ ಗುರುತು.

ಇಲ್ಲಿ ವಿಶ್ವಾಸಿಗಳಾದ ನಾವು ಇನ್ನೊಂದು ವಿಷಯವನ್ನೂ ನೆನಪಿಡಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 97ನೇ ಕಟ್ಟಳೆಯ ಪ್ರಕಾರ ಏಳು ವರ್ಷ ತುಂಬಿದ ಮೇಲೆಯೇ ಮಗುವಿಗೆ ವಿವೇಚನೆ ಬಂದಿದೆಯೆಂದು ಭಾವಿಸಲಾಗುತ್ತದೆ. ಎರಡು ವರ್ಷದ ಕಂದನ ರಂಪವನ್ನು ‘ಪಾಪ’ ಎಂದು ಕರೆಯಲು ನಮಗೆ ಯಾವ ಆಧಾರವೂ ಇಲ್ಲ. ಆ ವಯಸ್ಸಿನಲ್ಲಿ ಆಸೆ ದೊಡ್ಡದು, ಮಾತು ಚಿಕ್ಕದು. ಹೇಳಲಾಗದ್ದು ಅಳುವಾಗಿ ಹೊರಬರುತ್ತದೆ, ಅಷ್ಟೆ.

ಕುರ್ಚಿಯ ಕಥೆ

ಮಕ್ಕಳ ಶಿಕ್ಷಣದಲ್ಲಿ ಮರಿಯಾ ಮಾಂಟೆಸ್ಸರಿಯವರ ಹೆಸರನ್ನು ಕೇಳದವರಿಲ್ಲ. 1870ರಲ್ಲಿ ಇಟಲಿಯ ಕಿಯಾರವಾಲ್ಲೆ ಎಂಬ ಊರಿನಲ್ಲಿ ಹುಟ್ಟಿದ ಈ ಕಥೋಲಿಕ ಮಹಿಳೆ ವೈದ್ಯೆಯಾಗಿದ್ದರು. 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ಆರಂಭವಾಯಿತು. 1939ರಲ್ಲಿ ಅವರು ಮದ್ರಾಸಿಗೆ ಬಂದರು. ಎರಡನೆಯ ಮಹಾಯುದ್ಧದ ವರ್ಷಗಳನ್ನು ಅಡ್ಯಾರ್ ಮತ್ತು ಕೊಡೈಕೆನಾಲ್‌ಗಳಲ್ಲಿ ಕಳೆದು, ನಮ್ಮ ದೇಶದ ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು.

ತಮ್ಮ ಗ್ರಂಥವೊಂದರಲ್ಲಿ ಅವರು ಒಂದು ಸಣ್ಣ ಘಟನೆಯನ್ನು ದಾಖಲಿಸಿದ್ದಾರೆ. ನೀರು ತುಂಬಿದ ಪಾತ್ರೆಯೊಂದರಲ್ಲಿ ಆಟಿಕೆಗಳು ತೇಲುತ್ತಿದ್ದವು. ಮಕ್ಕಳೆಲ್ಲ ಸುತ್ತ ಮುತ್ತಿಕೊಂಡಿದ್ದರು. ಎರಡೂವರೆ ವರ್ಷದ ಪುಟ್ಟ ಹುಡುಗನೊಬ್ಬ ಹಿಂದೆ ಉಳಿದುಬಿಟ್ಟ. ನುಗ್ಗಲು ನೋಡಿದ, ಆಗಲಿಲ್ಲ. ನಿಂತು ಸುತ್ತ ನೋಡಿದ. ಅಷ್ಟರಲ್ಲಿ ಒಂದು ಪುಟ್ಟ ಕುರ್ಚಿ ಅವನ ಕಣ್ಣಿಗೆ ಬಿತ್ತು. ಅದನ್ನು ತಂದು ಹತ್ತಿ ನೋಡಬಹುದೆಂಬ ಉಪಾಯ ಹೊಳೆದು ಅವನ ಮುಖ ಅರಳಿತು. ಕುರ್ಚಿಯತ್ತ ಹೆಜ್ಜೆ ಇಟ್ಟ. ಅದೇ ಕ್ಷಣದಲ್ಲಿ ಶಿಕ್ಷಕಿ ‘ಪಾಪ’ವೆಂದುಕೊಂಡು ಅವನನ್ನು ಎತ್ತಿ, ಎಲ್ಲರ ತಲೆಯ ಮೇಲಿಂದ ಆಟಿಕೆ ತೋರಿಸಿದಳು. ಹುಡುಗ ಆಟಿಕೆಗಳನ್ನು ನೋಡಿದ, ನಿಜ. ಆದರೆ ಮುಖದ ಮೇಲಿನ ಬೆಳಕು ಆರಿಹೋಯಿತು. ತಾನೇ ಅಡ್ಡಿಯನ್ನು ಗೆದ್ದೆನೆಂಬ ಸಂತೋಷ ಅವನ ಕೈತಪ್ಪಿತೆಂದು ಮಾಂಟೆಸ್ಸರಿಯವರು ಬರೆಯುತ್ತಾರೆ.

ಆ ಶಿಕ್ಷಕಿಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ನಮ್ಮಲ್ಲಿಯೂ ಇಲ್ಲ. ಪ್ರೀತಿಯಿಂದಲೇ ನಾವು ಮಗುವಿನ ಕುರ್ಚಿಯನ್ನು ಕಸಿದುಕೊಳ್ಳುತ್ತೇವೆ.

ದೇವರು ನಮ್ಮನ್ನು ಬೆಳೆಸುವ ರೀತಿ

ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಒಂದು ಪ್ರಶ್ನೆಯನ್ನು ಎತ್ತಿಕೊಂಡರು. ದೇವರು ಸರ್ವಶಕ್ತರಲ್ಲವೇ? ಹಾಗಾದರೆ ಎಲ್ಲವನ್ನೂ ತಾವೇ ನೇರವಾಗಿ ಮಾಡದೆ ಸೃಷ್ಟಿಯ ಮೂಲಕ ಏಕೆ ಮಾಡಿಸುತ್ತಾರೆ? ಸಂತರ ಉತ್ತರದ ಸಾರ ಇಷ್ಟು: ದೇವರಿಗೆ ಶಕ್ತಿ ಸಾಲದೆಂದಲ್ಲ, ತಮ್ಮ ಒಳ್ಳೆಯತನದ ಹೆಚ್ಚಳದಿಂದ, ಕಾರ್ಯ ಮಾಡುವ ಘನತೆಯನ್ನು ತಮ್ಮ ಸೃಷ್ಟಿಗೂ ಕೊಡುತ್ತಾರೆ. ರೈತನಿಲ್ಲದೆಯೂ ದೇವರು ರಾಗಿ ಬೆಳೆಸಬಲ್ಲರು. ಆದರೂ ರೈತನ ಕೈಯಿಂದಲೇ ಬಿತ್ತಿಸುತ್ತಾರೆ. ಶಿಕ್ಷಣದ ಬಗ್ಗೆ ಬರೆಯುವಾಗಲೂ ಅದೇ ಸಂತರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ಗುಣವಾಗುವ ಶಕ್ತಿ ರೋಗಿಯ ದೇಹದಲ್ಲೇ ಇದೆ, ವೈದ್ಯ ಅದಕ್ಕೆ ನೆರವಾಗುತ್ತಾನೆ. ಕಲಿಯುವ ಶಕ್ತಿಯೂ ಮಗುವಿನಲ್ಲೇ ಇದೆ.

ಪವಿತ್ರ ಬೈಬಲ್‌ನಲ್ಲಿ ಪ್ರವಾದಿ ಹೋಶೇಯನ ಗ್ರಂಥದ 11ನೇ ಅಧ್ಯಾಯವನ್ನು ಓದಿ. ಅಲ್ಲಿ ದೇವರು ತಮ್ಮ ಜನರಿಗೆ ನಡೆಯಲು ಕಲಿಸಿದ ತಂದೆಯಂತೆ ಮಾತಾಡುತ್ತಾರೆ. ಮಗುವಿಗೆ ನಡಿಗೆ ಕಲಿಸುವವರು ಏನು ಮಾಡುತ್ತಾರೆ? ಕೈ ಹಿಡಿಯುತ್ತಾರೆ, ಬಿಡುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ಕೈಚಾಚಿ ಕರೆಯುತ್ತಾರೆ. ಸದಾ ಎತ್ತಿಕೊಂಡೇ ಇದ್ದರೆ ಕಾಲಿಗೆ ಬಲ ಬರುವುದಿಲ್ಲ. ಕೈಬಿಟ್ಟು ಎದ್ದು ಹೋದರೆ ಧೈರ್ಯ ಬರುವುದಿಲ್ಲ. ಹಿಂದೆ ಸರಿಯುವುದು ಮತ್ತು ಕೈಚಾಚುವುದು ಎರಡೂ ಒಟ್ಟಿಗೆ ಬೇಕು.

ಆಧುನಿಕ ಅಧ್ಯಯನವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿ ಮತ್ತು ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ತೋರಿಸಿಕೊಟ್ಟಂತೆ, ತಾಯಿಯ ಮೇಲೆ ಭರವಸೆಯಿರುವ ಮಗುವೇ ಅವಳ ಮಡಿಲು ಬಿಟ್ಟು ಧೈರ್ಯವಾಗಿ ದೂರ ಹೋಗುತ್ತದೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡುತ್ತದೆ. ತಾಯಿ ಅಲ್ಲೇ ಇದ್ದಾಳೆಂದು ಕಂಡರೆ ಇನ್ನೂ ಹತ್ತು ಹೆಜ್ಜೆ ಹೋಗುತ್ತದೆ. ಆದ್ದರಿಂದ ‘ಜಾಸ್ತಿ ಎತ್ತಿಕೊಂಡರೆ ಕೆಡುತ್ತದೆ’ ಎಂದು ಅಳುವ ಮಗುವನ್ನು ಕಡೆಗಣಿಸಬೇಡಿ. ಹೆದರಿದಾಗ ಅಪ್ಪಿಕೊಳ್ಳಿ; ಕೆಳಗಿಳಿಯಲು ಕೊಸರಿದಾಗ ಇಳಿಸಿ.

ಮನೆಯಲ್ಲಿ ಮಾಡಬಹುದಾದವು

1. ಸಮಯ ಕೊಡಿ. ಮಗುವಿನ ಸ್ವಾವಲಂಬನೆಗೆ ದೊಡ್ಡ ಶತ್ರು ನಮ್ಮ ಅವಸರ. ಪೂಜೆಗೆ ಹೊರಡುವ ದಿನ ಹದಿನೈದು ನಿಮಿಷ ಮೊದಲೇ ಚಪ್ಪಲಿಯನ್ನು ಮಗುವಿನ ಮುಂದಿಡಿ. ಎಲ್ಲ ದಿನವೂ ಆಗದಿದ್ದರೆ ದಿನಕ್ಕೆ ಒಂದು ಕೆಲಸವನ್ನಾದರೂ ಪೂರ್ತಿ ಅದಕ್ಕೇ ಬಿಡಿ.

2. ಮನೆಯನ್ನು ಮಗುವಿನ ಎತ್ತರಕ್ಕೆ ಇಳಿಸಿ. ಇದಕ್ಕೆ ದುಡ್ಡು ಬೇಕಿಲ್ಲ. ಟವೆಲ್ ನೇತುಹಾಕಲು ಗೋಡೆಯ ಕೆಳಗಡೆ ಒಂದು ಮೊಳೆ, ಕೈತೊಳೆಯಲು ಒಂದು ಪುಟ್ಟ ಚೊಂಬು, ಕೂರಲು ಒಂದು ಮಣೆ, ಬಟ್ಟೆಗೆ ಕೆಳಗಿನ ಗೂಡು. ತನ್ನ ವಸ್ತು ತನ್ನ ಕೈಗೆ ಎಟುಕಿದರೆ ಮಗು ಹತ್ತು ಸಲ ‘ಅಮ್ಮಾ’ ಎನ್ನುವುದು ಐದಕ್ಕೆ ಇಳಿಯುತ್ತದೆ.

3. ಮೊದಲು ತೋರಿಸಿಕೊಡಿ, ಆಮೇಲೆ ಬಿಡಿ. ಮಾಂಟೆಸ್ಸರಿಯವರು ಒಮ್ಮೆ ಮಕ್ಕಳಿಗೆ ಮೂಗು ಸೀಟುವುದನ್ನೇ ಒಂದು ಪಾಠವಾಗಿ ಮಾಡಿದರು. ಕರವಸ್ತ್ರ ಮಡಿಸುವುದು ಹೇಗೆ, ಸದ್ದಿಲ್ಲದೆ ಒರೆಸಿಕೊಳ್ಳುವುದು ಹೇಗೆ ಎಂದು ನಿಧಾನವಾಗಿ ತೋರಿಸಿದರು. ಪಾಠ ಮುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು! ‘ಮೂಗು ಒರೆಸಿಕೋ’ ಎಂದು ಅವರನ್ನು ಎಲ್ಲರೂ ಬೈದಿದ್ದರು, ಯಾರೂ ಕಲಿಸಿರಲಿಲ್ಲ. ಕೆಲಸವನ್ನು ಸಣ್ಣ ತುಂಡುಗಳಾಗಿ ಮಾಡಿ. ಅಂಗಿಯ ಕುತ್ತಿಗೆಯನ್ನು ನೀವು ತೂರಿಸಿ, ತೋಳನ್ನು ಮಗು ತೂರಿಸಲಿ. ಮುಂದಿನ ತಿಂಗಳು ಎರಡನ್ನೂ ಅದೇ ಮಾಡುತ್ತದೆ.

4. ಎರಡರಲ್ಲಿ ಒಂದನ್ನು ಆರಿಸಲು ಬಿಡಿ. ‘ಸ್ನಾನ ಮಾಡ್ತೀಯಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸ್ನಾನ ಆಗಲೇಬೇಕು; ಆದರೆ ‘ಕೆಂಪು ಅಂಗಿಯೋ, ನೀಲಿ ಅಂಗಿಯೋ?’ ಎಂದು ಕೇಳಬಹುದು. ಒಮ್ಮೆ ಕೇಳಿದ ಮೇಲೆ ಅದು ಹೇಳಿದ್ದನ್ನು ನಡೆಸಿಕೊಡಿ.

5. ಊಟ ತಾನೇ ಮಾಡಲಿ. ಎರಡು ವರ್ಷದ ಮಗು ಅನ್ನ ಚೆಲ್ಲುತ್ತದೆ, ಸಾರು ಮೂಗಿಗೆ ಹಚ್ಚಿಕೊಳ್ಳುತ್ತದೆ. ಒಂದು ಹಳೆಯ ಬಟ್ಟೆ ಹಾಸಿ, ತಟ್ಟೆಗೆ ಸ್ವಲ್ಪವೇ ಬಡಿಸಿ. ಕೈಗೆ ಮೊಬೈಲ್ ಕೊಟ್ಟು, ಅದು ನೋಡುತ್ತಿರುವಾಗ ಬಾಯಿಗೆ ತುರುಕುವ ಅಭ್ಯಾಸ ಇಂದು ಮನೆಮನೆಗೂ ಬಂದಿದೆ. ಹೊಟ್ಟೆ ತುಂಬಿತೋ ಇಲ್ಲವೋ ಎಂಬ ಅರಿವೇ ಮಗುವಿಗೆ ಇಲ್ಲದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

6. ಮನೆಗೆಲಸದಲ್ಲಿ ಪಾಲು ಕೊಡಿ. ಸೊಪ್ಪು ಬಿಡಿಸುವುದು, ಕಾಲುಚೀಲ ಜೋಡಿಸುವುದು, ತನ್ನ ತಟ್ಟೆ ಎತ್ತಿಡುವುದು, ಗಿಡಕ್ಕೆ ನೀರು ಹಾಕುವುದು. ಸಂಜೆಯ ಪ್ರಾರ್ಥನೆಗೆ ಜಪಸರ ತಂದುಕೊಡುವ ಕೆಲಸ ಅದರದೇ ಆಗಲಿ. ಶಿಲುಬೆ ಗುರುತು ಹಾಕುವಾಗ ಕೈ ಹಣೆಯಿಂದ ಕಿವಿಗೆ ಹೋದರೂ ನಗಬೇಡಿ. ನಿಮ್ಮದನ್ನು ನೋಡಿ ನೋಡಿ ತಾನೇ ಸರಿಪಡಿಸಿಕೊಳ್ಳುತ್ತದೆ.

7. ಮೆಚ್ಚುಗೆ ಕೆಲಸಕ್ಕೆ ಸಲ್ಲಲಿ. ಸದಾ ‘ಜಾಣಮರಿ’ ಎನ್ನುವುದಕ್ಕಿಂತ ‘ಗುಂಡಿ ಎರಡು ಸಲ ಜಾರಿತು, ಆದರೂ ನೀನು ಬಿಡಲಿಲ್ಲ’ ಎನ್ನುವುದು ಮೇಲು. ಮಗು ಹಾಕಿದ ಗುಂಡಿ ಓರೆಯಾಗಿದ್ದರೆ ಅದರ ಎದುರಿಗೇ ಬಿಚ್ಚಿ ಸರಿಮಾಡಬೇಡಿ. ಓರೆ ಗುಂಡಿಯಲ್ಲೇ ದೇವಾಲಯಕ್ಕೆ ಬರಲಿ. ನೋಡಿದವರು ನಕ್ಕರೆ ನಗಲಿ.

ಎಲ್ಲೆಯೂ ಬೇಕು

ಸ್ವಾತಂತ್ರ್ಯವೆಂದರೆ ಮನಬಂದಂತೆ ಬಿಡುವುದಲ್ಲ. ಬೇಲಿ ಗಟ್ಟಿಯಾಗಿದ್ದರೆ ಅದರೊಳಗೆ ಕರು ನಿರ್ಭಯವಾಗಿ ಓಡಾಡುತ್ತದೆ. ನಿಯಮಗಳು ಕಡಿಮೆ ಇರಲಿ, ಆದರೆ ದಿನವೂ ಒಂದೇ ಆಗಿರಲಿ. ಹೊಡೆಯಬಾರದು, ಕಚ್ಚಬಾರದು, ರಸ್ತೆಯಲ್ಲಿ ಕೈ ಬಿಡಬಾರದು. ಅಮ್ಮ ಬೇಡವೆಂದದ್ದನ್ನು ಅಪ್ಪ ಕೊಡಿಸಿದರೆ ಮಗು ಕಲಿಯುವುದು ಉಪಾಯವನ್ನೇ ಹೊರತು ವಿವೇಕವನ್ನಲ್ಲ. ರಂಪ ಮಾಡುವಾಗ ಕೂಗಾಡದೆ ಪಕ್ಕದಲ್ಲೇ ಇರಿ. ಶಾಂತವಾದ ಮೇಲೆ ಅಪ್ಪಿಕೊಳ್ಳಿ. ಆದರೆ ಇಲ್ಲವೆಂದದ್ದು ಇಲ್ಲವೇ ಆಗಿರಲಿ.

‘ನಡೆಯುವವರು ಎಡವುವರಲ್ಲದೆ ಕುಳಿತವರು ಎಡವುವರೇ’ ಎನ್ನುತ್ತಾರೆ. ಮೊಣಕಾಲು ತರಚಿದರೆ ತೊಂದರೆಯಿಲ್ಲ. ಆದರೆ ಕೆಲವು ಅಪಾಯಗಳಲ್ಲಿ ಎರಡನೆಯ ಅವಕಾಶ ಇರುವುದಿಲ್ಲ. ಬಚ್ಚಲಲ್ಲಿ ನೀರು ತುಂಬಿಟ್ಟ ಬಕೆಟ್, ಅಂಗಳದಲ್ಲಿ ಮುಚ್ಚಳವಿಲ್ಲದ ಸಂಪು, ಕೈಗೆಟುಕುವ ಬಿಸಿ ಸಾರಿನ ಪಾತ್ರೆ, ನೀರಿನ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆ ಅಥವಾ ಫಿನಾಯಿಲ್, ಗಂಟಲಿಗೆ ಸಿಕ್ಕಿಕೊಳ್ಳುವ ಕಡಲೆಬೀಜ, ಇಡೀ ದ್ರಾಕ್ಷಿ, ನಾಣ್ಯ ಇವುಗಳನ್ನು ಮೊದಲು ದೂರಮಾಡಿ. ಕಾಣಿಕೆ ಹಾಕಲು ಮಗುವಿನ ಕೈಗೆ ನಾಣ್ಯ ಕೊಟ್ಟರೆ ಅದು ಪೆಟ್ಟಿಗೆಗೆ ಬೀಳುವವರೆಗೆ ಕಣ್ಣಿಡಿ. ಚಕ್ರದ ವಾಕರ್‌ನಲ್ಲಿ ಕೂರಿಸಿದರೆ ಬೇಗ ನಡೆಯುತ್ತದೆಂಬುದು ತಪ್ಪು ಕಲ್ಪನೆ. ಅಪಘಾತಗಳ ಕಾರಣದಿಂದ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಿಂತು ತಳ್ಳಿಕೊಂಡು ಹೋಗುವ ನಮ್ಮ ಹಳೆಯ ಮರದ ಮೂರು ಚಕ್ರದ ಗಾಡಿಯಲ್ಲಿ ಮಗು ತನ್ನ ಭಾರವನ್ನು ತಾನೇ ಹೊರುತ್ತದೆ. ಹತ್ತಿರ ಒಬ್ಬರಿದ್ದರೆ ಸಾಕು.

ಹೆದರಿಕೆ ಮತ್ತು ನಾಚಿಕೆ

ಮಗು ಮಾತು ಕೇಳಲಿ ಎಂದು ನಾವು ಎಷ್ಟು ಜನರನ್ನು ಗುಮ್ಮನನ್ನಾಗಿ ಮಾಡುತ್ತೇವೆ! ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ಡಾಕ್ಟರ್ ಸೂಜಿ ಚುಚ್ಚುತ್ತಾರೆ, ‘ಫಾದರ್‌ಗೆ ಹೇಳ್ತೀನಿ ನೋಡು’. ಕೊನೆಗೆ ‘ದೇವರು ಕಣ್ಣು ಕುತ್ತುತ್ತಾನೆ’. ಮಕ್ಕಳನ್ನು ಹತ್ತಿರ ಬಿಡದ ಶಿಷ್ಯರ ಮೇಲೆ ಪ್ರಭು ಯೇಸು ಕೋಪಗೊಂಡು, ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದರೆಂದು ಸಂತ ಮಾರ್ಕನ ಶುಭಸಂದೇಶ ಹೇಳುತ್ತದೆ (ಮಾರ್ಕ 10:13-16). ಅಂಥ ಪ್ರಭುವನ್ನು ಕಣ್ಣು ಕುತ್ತುವವರನ್ನಾಗಿ ಪರಿಚಯಿಸಿದರೆ, ಮುಂದೆ ಆ ಮಗು ಯಾವ ದೇವರ ಬಳಿಗೆ ಬರಬೇಕು?

ಚಡ್ಡಿ ಒದ್ದೆಯಾದಾಗ ‘ಶೇಮ್ ಶೇಮ್’ ಎಂದು ಮನೆಯವರೆಲ್ಲ ನಗುವುದೂ ಹೀಗೆಯೇ. ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷದೊಳಗೆ ಮಕ್ಕಳು ಈ ಹತೋಟಿಗೆ ಸಿದ್ಧರಾಗುತ್ತಾರೆ. ಒದ್ದೆಯಾದರೆ ‘ಪರವಾಗಿಲ್ಲ, ಮುಂದಿನ ಸಲ ಹೇಳು’ ಎಂದು ಒಣ ಬಟ್ಟೆ ಕೈಗೆ ಕೊಡಿ.

ಇನ್ನೊಂದು ಗಂಭೀರ ವಿಷಯವಿದೆ. ಬಂದ ನೆಂಟರಿಗೆಲ್ಲ ಮುತ್ತು ಕೊಡು, ಮಡಿಲಲ್ಲಿ ಕೂರು ಎಂದು ಮಗುವನ್ನು ಬಲವಂತ ಮಾಡಬೇಡಿ. ಕೈಮುಗಿದು ವಂದಿಸಿದರೆ ಸಾಕು. ‘ಬೇಡ’ ಎನ್ನುವ ಹಕ್ಕು ತನ್ನ ಮೈಮೇಲೆ ತನಗಿದೆ, ಬೇಡವೆಂದರೆ ಅಪ್ಪ ಅಮ್ಮ ನನ್ನ ಪಕ್ಷ ವಹಿಸುತ್ತಾರೆ ಎಂದು ತಿಳಿದ ಮಗು ಮುಂದೆ ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಬಂದು ಹೇಳುತ್ತದೆ. ಮಕ್ಕಳ ರಕ್ಷಣೆಗಾಗಿ ನಮ್ಮ ದೇಶದಲ್ಲಿ 2012ರಲ್ಲಿ ಪೋಕ್ಸೊ ಕಾಯಿದೆ ಬಂತು. ಆದರೆ ಕಾಯಿದೆ ಕೆಲಸ ಮಾಡಬೇಕಾದರೆ ಮಗು ಬಾಯಿ ಬಿಡಬೇಕು. ದೊಡ್ಡವರು ಏನು ಮಾಡಿದರೂ ಸುಮ್ಮನಿರಬೇಕೆಂದು ಕಲಿತ ಮಗು ಬಾಯಿ ಬಿಡುವುದಿಲ್ಲ.

ಅಜ್ಜಿಯ ಮಡಿಲು, ಅಣ್ಣನ ತಟ್ಟೆ

ತಾಯಿ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಅಜ್ಜ ಅಜ್ಜಿಯರೇ ಮಗುವನ್ನು ನೋಡಿಕೊಳ್ಳುತ್ತಾರೆ. ಅದು ದೊಡ್ಡ ಭಾಗ್ಯ. ಅವರು ಓಡಿಯಾಡಿ ತಿನ್ನಿಸುತ್ತಾರೆಂದು ಸೊಸೆ ಮುನಿಸಿಕೊಳ್ಳುವುದು ಬೇಡ. ‘ಅತ್ತೆ, ಇವತ್ತು ಅವನೇ ಎಷ್ಟು ತುತ್ತು ತಿನ್ನುತ್ತಾನೋ ಎಣಿಸಿ ನನಗೆ ಹೇಳಿ’ ಎಂದು ಕೇಳಿಕೊಂಡರೆ ಅಜ್ಜಿಯೇ ಈ ಕೆಲಸದ ಮುಂದಾಳಾಗುತ್ತಾರೆ. ಮೂರು ವರ್ಷ ತುಂಬಿದ ಮಕ್ಕಳಿಗೆ ಊರಿನ ಅಂಗನವಾಡಿಯಲ್ಲಿ ಶಾಲಾಪೂರ್ವ ಶಿಕ್ಷಣವಿದೆ. ಓರಗೆಯ ಮಕ್ಕಳ ನಡುವೆ ಬೆಳೆಯುವುದೂ ಒಂದು ಶಿಕ್ಷಣವೇ.

ಗಂಡುಮಗು ಹೆಣ್ಣುಮಗು ಎಂಬ ಭೇದವೂ ಇಲ್ಲಿಂದಲೇ ಆರಂಭವಾಗುತ್ತದೆ. ಮಗಳು ತಟ್ಟೆ ಎತ್ತಬೇಕು, ಮಗ ಎತ್ತಬೇಕಿಲ್ಲ. ಮಗ ಮರ ಹತ್ತಬಹುದು, ಮಗಳು ಹತ್ತಬಾರದು. ಹೀಗೆ ಬೆಳೆದರೆ ಅವನಿಗೆ ಸ್ವಾವಲಂಬನೆ ಇರುವುದಿಲ್ಲ, ಅವಳಿಗೆ ಧೈರ್ಯ ಇರುವುದಿಲ್ಲ. ಇಬ್ಬರೂ ಬಡವರೇ.

ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವ ಚಟವನ್ನೂ ಬಿಡಬೇಕು. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಗು ಒಂಟಿಯಾಗಿ ನಡೆಯುವ ವಯಸ್ಸು ಸುಮಾರು 8ರಿಂದ 18 ತಿಂಗಳವರೆಗೆ ಹರಡಿಕೊಂಡಿದೆ. ಬೇಗ ನಡೆದವರು ಬುದ್ಧಿವಂತರೂ ಅಲ್ಲ, ತಡವಾಗಿ ನಡೆದವರು ಮಂದರೂ ಅಲ್ಲ. ಆದರೆ ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಹೇಳದಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ‘ನಮ್ಮ ವಂಶದಲ್ಲೇ ಹೀಗೆ’ ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಅಂಥ ಮಗುವಿಗೂ ತಾನೇ ಮಾಡುವ ಆಸೆ ಇದ್ದೇ ಇರುತ್ತದೆ. ಅದರ ಹೆಜ್ಜೆಗಳು ಇನ್ನೂ ಚಿಕ್ಕವು, ಅಷ್ಟೆ.

ಕೊನೆಯದಾಗಿ

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ ತಂದೆತಾಯಿಯರೇ ಮಕ್ಕಳ ಮೊದಲ ಹಾಗೂ ಪ್ರಮುಖ ಶಿಕ್ಷಕರೆಂದು ಸಾರಿತು. ಪೋಪ್ ಫ್ರಾನ್ಸಿಸ್‌ರವರು 2016ರ ‘ಅಮೋರಿಸ್ ಲೆತೀತ್ಸಿಯಾ’ ಪತ್ರದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಮಗುವಿನ ಪ್ರತಿ ಹೆಜ್ಜೆಯನ್ನೂ ಹತೋಟಿಯಲ್ಲಿಡುವ ಗೀಳು ಶಿಕ್ಷಣವಲ್ಲ, ಅದರ ಸ್ವಾತಂತ್ರ್ಯ ಬೆಳೆದು ಪಕ್ವವಾಗುವಂತೆ ಪ್ರೀತಿಯಿಂದ ನೆರವಾಗುವುದೇ ಶಿಕ್ಷಣ ಎಂಬುದು ಅವರ ಮಾತಿನ ತಿರುಳು.

ನಾವು ನಮ್ಮ ಮಕ್ಕಳೊಡನೆ ಕೊನೆಯವರೆಗೂ ಇರುವುದಿಲ್ಲ. ಒಂದು ದಿನ ಅವರು ತಾವೇ ನಿರ್ಧರಿಸಬೇಕು: ಯಾರ ಸ್ನೇಹ ಮಾಡಬೇಕು, ಲಂಚದ ಹಣವನ್ನು ಮುಟ್ಟಬೇಕೋ ಬಾರದೋ, ಎಲ್ಲರೂ ಬಿಟ್ಟುಹೋದಾಗಲೂ ವಿಶ್ವಾಸದಲ್ಲಿ ನಿಲ್ಲಬೇಕೋ ಬೇಡವೋ. ಅಂದು ‘ನಾನೇ’ ಎಂದು ಎದ್ದು ನಿಲ್ಲುವ ಶಕ್ತಿ ಅವರಿಗೆ ಬೇಕಾಗುತ್ತದೆ. ಅದರ ಮೊದಲ ಅಭ್ಯಾಸ ಅಂಗಿಯ ಗುಂಡಿಯಲ್ಲಿ, ಅನ್ನದ ತುತ್ತಿನಲ್ಲಿ ಇಂದೇ ನಡೆಯುತ್ತಿದೆ. ಅದಕ್ಕೆ ಅಡ್ಡ ಬರದಿರೋಣ.

ಕುಟುಂಬದಲ್ಲಿ ಕುಳಿತು ಚಿಂತಿಸಿ

1. ಮಗು ತಾನೇ ಮಾಡಬಲ್ಲ ಯಾವ ಮೂರು ಕೆಲಸಗಳನ್ನು ನಾವು ಇನ್ನೂ ಅದಕ್ಕಾಗಿ ಮಾಡುತ್ತಿದ್ದೇವೆ?
2. ಮಗುವನ್ನು ಹೆದರಿಸಲು ನಮ್ಮ ಮನೆಯಲ್ಲಿ ಯಾರ ಹೆಸರನ್ನು ಬಳಸುತ್ತೇವೆ? ದೇವರ ಹೆಸರನ್ನೇ?
3. ಮಗನಿಗೂ ಮಗಳಿಗೂ ಒಂದೇ ನಿಯಮ ಇದೆಯೇ?
4. ಹೋಶೇಯ 11:1-4 ಓದಿ. ದೇವರು ನಮ್ಮನ್ನು ಕೈಹಿಡಿದು ನಡೆಸಿದ, ಕೈಬಿಟ್ಟು ನಡೆಯಲು ಬಿಟ್ಟ ಸಂದರ್ಭಗಳನ್ನು ಒಬ್ಬೊಬ್ಬರೂ ಹಂಚಿಕೊಳ್ಳಿ.